ಬಾಕ್‌ಕ್ವಾ ಎಂಬ ಪದಾರ್ಥ

ವಾಚಕ ಮಹಾಶಯರಲ್ಲಿ ಕೆಲವರು ಈ ಲೇಖನದ ಶಿರೋನಾಮವನ್ನು ಕಂಡು, ಇದು ಚೀನೀಯರು ಸವಿಯುವ ಒಣಮಾಂಸದ ತಿಂಡಿಯ ಹೆಸರೆಂದು ತಿಳಿದೊಡನೆ, ಈ ಪತ್ರಿಕೆಯ ಪುಟಗಳಿಗೂ ಅದಕ್ಕೂ ಏನು ಸಂಬಂಧವೆಂದು ಹುಬ್ಬುಗಂಟಿಕ್ಕಬಹುದು. ಅದರಲ್ಲಿಯೂ, ಹುಟ್ಟಿದಂದಿನಿಂದ ಮಾಂಸವನ್ನು ಮುಟ್ಟದೆ, ಪಾಠಶಾಲೆಯಲ್ಲಿ ಕೌಮುದಿಯನ್ನೂ ತರ್ಕಸಂಗ್ರಹವನ್ನೂ ಓದಿ ಬೆಳೆದ ನನ್ನಂತಹವನಿಗೆ ಈ ವಿಷಯದಲ್ಲಿ ಅಧಿಕಾರವೆಲ್ಲಿಯದು? ಸಮಾಧಾನವಿಷ್ಟೆ. ಪದಾರ್ಥವೆಂಬ ಮಾತಿಗೆ ನಮ್ಮ ನುಡಿಯಲ್ಲಿ ಎರಡರ್ಥಗಳುಂಟು. ಎಲೆಗೆ ಬಡಿಸುವುದೂ ಪದಾರ್ಥವೇ, ಪದದ ಅರ್ಥವೂ ಪದಾರ್ಥವೇ. ಮೊದಲನೆಯದರ ರುಚಿಯನ್ನು ಉಂಡವರು ಹೇಳಬೇಕು. ಎರಡನೆಯದನ್ನು ವಿಚಾರಮಾಡುವುದಕ್ಕೆ ನಾಲಗೆಯ ಅನುಭವವು ಬೇಕಾಗಿಲ್ಲ.

ನನ್ನಲ್ಲಿ ಹಿಂದೆ ಕಾವ್ಯಪ್ರಕಾಶದ ಮೊದಲ ಎರಡು ಉಲ್ಲಾಸಗಳನ್ನು ಓದಿದ ಶಿಷ್ಯನೊಬ್ಬನು ಈಗ ಸಿಂಗಪುರದಲ್ಲಿ ಉದ್ಯೋಗದಲ್ಲಿದ್ದಾನೆ. ಅವನು ರಜೆಯಲ್ಲಿ ಊರಿಗೆ ಹೋಗಿ ಗುರುಗಳನ್ನು ಕಾಣುವನೆಂಬುದನ್ನು ಕೇಳಿ, ಅವನೊಡನೆ ಕೆಲಸಮಾಡುವ ಚೀನೀಯ ವೃದ್ಧರೊಬ್ಬರು ‘ಇದು ನಿನ್ನ ಗುರುಗಳಿಗೆ’ ಎಂದು ಒಂದು ಕೆಂಪು ಡಬ್ಬವನ್ನು ಅವನ ಕೈಯಲ್ಲಿಟ್ಟರಂತೆ. ಒಳಗಿದ್ದುದು ಬಾಕ್‌ಕ್ವಾ. ಬೇಡವೆನ್ನಲೂ ಆರದೆ ತರಲೂ ಆರದೆ, ಅವನು ಒಳಗಿನದನ್ನು ಅಲ್ಲಿಯೇ ಸ್ನೇಹಿತರಿಗೆ ಹಂಚಿ, ಬರಿಯ ಡಬ್ಬವನ್ನು ತಂದು, ಅದನ್ನು ಒಳಗೆ ತರಬಹುದೋ ಬಾರದೋ ಎಂದು ಜಗಲಿಯ ಮೇಲೆಯೇ ನಿಂತು ನಡೆದುದನ್ನು ಅರಿಕೆಮಾಡಿದನು. ಮನೆಯವರೆಲ್ಲರೂ ನಕ್ಕರು. ನನಗೆ ಮಾತ್ರ ನಗು ಬರಲಿಲ್ಲ. ಶಿಷ್ಯನು ಗುರುವಿನ ಬಳಿಗೆ ಒಣಮಾಂಸವನ್ನು ಒಯ್ಯುವ ಪ್ರಸ್ತಾಪವು ಕನ್‌ಫ್ಯೂಷಿಯಸ್ ಮಹಾಶಯನ ಸಂವಾದಗ್ರಂಥವಾದ ಲುನ್‌ಯುವಿನ ಏಳನೆಯ ಅಧ್ಯಾಯದಲ್ಲಿದೆಯೆಂಬುದೂ, ಅದರ ಅರ್ಥವನ್ನು ಕುರಿತು ವ್ಯಾಖ್ಯಾತೃಗಳು ಬಹುಕಾಲದಿಂದ ವಿವಾದಪಡುತ್ತಿರುವರೆಂಬುದೂ ನೆನಪಿಗೆ ಬಂದುವು. ಚೀನೀ ಗ್ರಂಥಗಳನ್ನು ನಾನು ಓದುವುದು ನಿಘಂಟನ್ನು ಪಕ್ಕದಲ್ಲಿಟ್ಟುಕೊಂಡು, ಆಂಗ್ಲ ಭಾಷಾಂತರಗಳ ಕೈಹಿಡಿದು. ಈ ಮಿತಿಯನ್ನು ಮೊದಲೇ ನಿವೇದಿಸಿಕೊಂಡು ಪ್ರಕೃತಕ್ಕೆ ಬರುತ್ತೇನೆ.

ಬಾಕ್‌ಕ್ವಾ ಎಂಬುದು ಚೀನಾದ ಆಗ್ನೇಯ ತೀರದ ಫುಜಿಯನ್ ಪ್ರಾಂತದಿಂದ ಹೊರಟ ಹೊಕ್ಕಿಯೆನ್ ಜನರ ಮಾತು. ‘ಬಾಕ್’ ಎಂದರೆ ಮಾಂಸ, ‘ಕ್ವಾ’ ಎಂದರೆ ಒಣಗಿದುದು. ಉತ್ತರದೇಶದ ಶಿಷ್ಟಭಾಷೆಯಲ್ಲಿ ಇವೇ ಅಕ್ಷರಗಳನ್ನು ‘ರೌಗಾನ್’ ಎಂದು ಓದುತ್ತಾರೆ. ವಿಶೇಷಣವಿಲ್ಲದೆ ಬರಿಯ ಮಾಂಸವೆಂದರೆ ಆ ಜನರಲ್ಲಿ ಹಂದಿಯ ಮಾಂಸವೆಂದೇ ಗ್ರಹಿಸತಕ್ಕದ್ದು. ನಮ್ಮಲ್ಲಿಯೂ ‘ಬಾಡು’ ಎಂಬ ಒಂದೇ ಉಚ್ಚಾರಣೆಯು ನಾಮಪದವಾದಾಗ ಮಾಂಸವನ್ನೂ ಕ್ರಿಯಾಪದವಾದಾಗ ಒಣಗುವಿಕೆಯನ್ನೂ ಹೇಳುವುದನ್ನು ನೆನೆದರೆ ಈ ಜೋಡಿಯು ಕನ್ನಡಿಗನ ಕಿವಿಗೆ ಅಪರಿಚಿತವಾಗಿ ಕೇಳಿಸದು. ಮಾಡುವ ಕ್ರಮವು ಸರಳವಾದುದು. ಮಾಂಸವನ್ನು ತೆಳ್ಳಗೆ ಸೀಳಿ, ಅಥವಾ ಕೊಚ್ಚಿ ಅರೆದು, ಸಕ್ಕರೆ, ಉಪ್ಪು, ಸೋಯಾ ಅವರೆಯ ರಸ, ಮೀನಿನ ರಸ, ಸಂಬಾರಗಳನ್ನು ಬೆರಸಿ, ನಮ್ಮ ಮನೆಗಳಲ್ಲಿ ಬೇಸಗೆಯಲ್ಲಿ ಸಂಡಿಗೆಯ ಹಿಟ್ಟನ್ನು ಹರವುವಂತೆ ಬಿದಿರಿನ ತಟ್ಟೆಗಳ ಮೇಲೆ ಹಾಳೆಯಾಗಿ ಹರವಿ, ಆರಿಸಿ, ಬಳಿಕ ಇದ್ದಿಲ ಕೆಂಡದ ಮೇಲೆ ಸುಡುತ್ತಾರೆ. ಸಕ್ಕರೆಯು ಕರಗಿ ಕಂದುಗಟ್ಟಿ ಹಾಳೆಯು ಕೆಂಪಾಗಿ ಹೊಳೆಯುತ್ತದೆ. ಅಂಗಡಿಯವನು ಅದನ್ನು ಕತ್ತರಿಯಿಂದ ಕತ್ತರಿಸಿ ತೂಗಿ ಕೊಡುತ್ತಾನೆ.

ಇದು ನವೀನರ ತಿಂಡಿಯೆಂದು ತಳ್ಳಿಬಿಡುವವರು ಪ್ರಾಚೀನ ಗ್ರಂಥಗಳನ್ನು ಕಣ್ಣಿಟ್ಟು ನೋಡಬೇಕು. ಒಣಮಾಂಸಕ್ಕೆ ಹಳೆಯ ಚೀನೀ ಭಾಷೆಯಲ್ಲಿ ಒಂದಲ್ಲ, ಹಲವು ಶಬ್ದಗಳುಂಟು. ಸಾಧಾರಣವಾಗಿ ಒಣಗಿಸಿದ ಸೀಳು ‘ಫೂ’. ಕುಟ್ಟಿ, ಶುಂಠಿ ಲವಂಗಚಕ್ಕೆಗಳನ್ನು ಸೇರಿಸಿ ಒಣಗಿಸಿದುದು ‘ಶ್ಯೂ’. ಇಡಿಯಾಗಿ ಒಣಗಿಸಿದುದು ‘ಶೀ’. ಚೌಲಿ ಎಂಬ ರಾಜ್ಯವಿಧಿಗ್ರಂಥವು ಅರಮನೆಯ ಅಧಿಕಾರಿಗಳನ್ನು ಎಣಿಸುವಲ್ಲಿ ಒಣಮಾಂಸಕ್ಕೆಂದೇ ಒಬ್ಬ ಅಧಿಕಾರಿಯನ್ನು ಹೇಳುತ್ತದೆ. ಶಕುನಗ್ರಂಥವಾದ ಯೀಜಿಂಗಿನ ೨೧ನೆಯ ಷಡ್ರೇಖೆಯಲ್ಲಿ ಮೂರು ರೇಖೆಗಳ ಫಲವನ್ನು ಹೇಳುವಾಗ ಮೂರು ಬಗೆಯ ಒಣಮಾಂಸವನ್ನು ಕಚ್ಚುವ ಮಾತು ಬಂದಿದೆ. ಆದರೆ ಬಾಕ್‌ಕ್ವಾದ ವಂಶವೃಕ್ಷವನ್ನು ಬರೆಯಹೊರಟವನಿಗೆ ಎಲ್ಲಕ್ಕಿಂತ ಮುಖ್ಯವಾದುದು ಲೀಜಿ ಎಂಬ ಆಚಾರಸಂಹಿತೆಯ ಗೃಹವಿಧಿಪ್ರಕರಣ. ಅಲ್ಲಿ ವೃದ್ಧರನ್ನು ಪೋಷಿಸುವ ಪ್ರಸಂಗದಲ್ಲಿ ವಿಶಿಷ್ಟ ಭಕ್ಷ್ಯಗಳ ವಿಧಿಯನ್ನು ಹೇಳಿದೆ. ಅಷ್ಟರತ್ನಗಳೆಂದು ಅವು ಪ್ರಸಿದ್ಧವಾಗಿವೆ. ಅವುಗಳಲ್ಲಿ ಒಂದರ ವಿಧಿ ಹೀಗೆ: ದನದ ಮಾಂಸವನ್ನು ಕುಟ್ಟಬೇಕು, ಪೊರೆಯನ್ನು ತೆಗೆಯಬೇಕು, ಹೆಣೆದ ಜೊಂಡಿನ ಚಾಪೆಯ ಮೇಲೆ ಹರವಬೇಕು, ಲವಂಗಚಕ್ಕೆ ಶುಂಠಿಗಳ ಪುಡಿಯನ್ನೂ ಉಪ್ಪನ್ನೂ ಉದುರಿಸಬೇಕು, ಒಣಗಿಸಿ ತಿನ್ನಬೇಕು. ಮೆತ್ತಗಾಗಬೇಕೆಂದರೆ ನೆನಸಿ ಬೇಯಿಸಬಹುದು, ಒಣಗಿದುದೇ ಬೇಕೆಂದರೆ ಮತ್ತೊಮ್ಮೆ ಕುಟ್ಟಿ ತಿನ್ನಬಹುದು. ಕುಟ್ಟುವುದೇತಕ್ಕೆಂಬುದು ಪ್ರಕರಣದಿಂದಲೇ ವಿದಿತವಾಗುತ್ತದೆ. ಹಲ್ಲುಬಿದ್ದ ಹಿರಿಯರಿಗಾಗಿ ಅದು. ಇಲ್ಲಿ ದನದ ಬದಲು ಹಂದಿಯನ್ನು, ಜೊಂಡಿನ ಬದಲು ಬಿದಿರನ್ನು ಇಟ್ಟರೆ ಸಿಂಗಪುರದ ಅಂಗಡಿಗೆ ಎರಡೇ ಹೆಜ್ಜೆ. ಉಳಿದ ಆ ಎರಡು ಹೆಜ್ಜೆಗಳು ಸಕ್ಕರೆಯೂ ಕೆಂಡವೂ ಆಗಿವೆ.

ಸಕ್ಕರೆಯ ವಿಷಯದಲ್ಲಿ ಒಂದು ಮಾತು. ಆರನೆಯ ಶತಮಾನದಲ್ಲಿ ಜಿಯಾ ಸ್ಸುಶ್ಯೆ ಎಂಬವನು ಬರೆದ ಕೃಷಿಗ್ರಂಥದಲ್ಲಿ ಪಂಚರಸದ ಒಣಮಾಂಸದ ಕ್ರಮವು ಸವಿಸ್ತರವಾಗಿದೆ. ವರ್ಷದ ೧, ೨, ೯, ೧೦ನೆಯ ತಿಂಗಳುಗಳು ಅದಕ್ಕೆ ಪ್ರಶಸ್ತ. ಎಲುಬನ್ನು ಜಜ್ಜಿ ಕುದಿಸಿದ ರಸದಲ್ಲಿ ಹುದುಗಿಸಿದ ಅವರೆ, ಉಪ್ಪು, ಈರುಳ್ಳಿಯ ಜಾತಿಯ ಬಿಳಿದಂಟು, ಶುಂಠಿ, ಕಿತ್ತಳೆಯ ಸಿಪ್ಪೆ ಮುಂತಾದುವನ್ನು ಸೇರಿಸಬೇಕು. ತೆಳುಹಾಳೆಗಳನ್ನು ಮೂರು ರಾತ್ರಿ ನೆನಸಿ, ದಾರಕ್ಕೆ ಪೋಣಿಸಿ, ಮನೆಯ ಉತ್ತರದ ಸೂರಿನ ಕೆಳಗೆ ನೆರಳಿನಲ್ಲಿ ಒಣಗಿಸಬೇಕು. ಇಷ್ಟೆಲ್ಲ ಹೇಳಿದವನು ಸಕ್ಕರೆಯ ಹೆಸರೆತ್ತುವುದಿಲ್ಲ. ಮುಂದೆ ಟಾಂಗ್ ವಂಶದ ಚಕ್ರವರ್ತಿ ತಾಯ್‌ತ್ಸುಂಗನು ಕ್ರಿ. ಶ. ೬೪೭ರಲ್ಲಿ ಸಕ್ಕರೆಯನ್ನು ಕುದಿಸುವ ವಿಧಾನವನ್ನು ಕಲಿತುಬರುವುದಕ್ಕಾಗಿ ಮಗಧಕ್ಕೆ ಜನರನ್ನು ಕಳುಹಿಸಿದುದು ಆ ವಂಶದ ಇತಿಹಾಸದಲ್ಲಿ ದಾಖಲಾಗಿದೆ. ವಾಲ್ಮೀಕಿರಾಮಾಯಣವನ್ನು ಚೀನೀ ಭಾಷೆಗೆ ಪರಿವರ್ತಿಸಿದ ಸಂಸ್ಕೃತಪಂಡಿತ ಜೀ ಶ್ಯೆನ್‌ಲಿನ್ (೧೯೧೧–೨೦೦೯) ಅವರು ಸಕ್ಕರೆಯ ಚರಿತ್ರೆಯನ್ನೇ ಒಂದು ಬೃಹದ್ಗ್ರಂಥವಾಗಿ ಬರೆದಿದ್ದಾರೆ. ಮುಂದೆ ಫುಜಿಯನ್ ಪ್ರಾಂತವು ಕಬ್ಬಿಗೆ ಹೆಸರಾಯಿತು. ಆದುದರಿಂದ ಬಾಕ್‌ಕ್ವಾದ ಸಿಹಿಯು ಪರದೇಶದಲ್ಲಿ ಕೆಟ್ಟುಹೋದ ನಾಲಗೆಯ ಲಕ್ಷಣವೆಂದು ಹೇಳುವವರು ಅವಸರಪಟ್ಟಿರುತ್ತಾರೆ. (ಆ ಋಣವು ಹಿಂದಿಯವರ ‘ಚೀನೀ’ ಎಂಬ ಸಕ್ಕರೆಯ ಹೆಸರಿನ ರೂಪದಲ್ಲಿ ನಮ್ಮ ದೇಶಕ್ಕೆ ಮರಳಿ ಬಂದಿರುವುದು ಒಂದು ವಿನೋದ.)

ಇನ್ನು ವಿವಾದದ ಸ್ಥಳಕ್ಕೆ ಬರೋಣ. ಏಳನೆಯ ಅಧ್ಯಾಯದಲ್ಲಿ ಆಚಾರ್ಯನು ಹೇಳುವುದರ ತಾತ್ಪರ್ಯವಿಷ್ಟು: ‘ಷುಶ್ಯೂ’ವಿನಿಂದ ಮೇಲಕ್ಕೆ ಯಾರೇ ಬಂದರೂ ಅವರಿಗೆ ತಾನು ಪಾಠವನ್ನು ನಿರಾಕರಿಸಿದುದಿಲ್ಲವೆಂದು. ಷು ಎಂದರೆ ಕಟ್ಟು, ಶ್ಯೂ ಎಂದರೆ ಮೇಲೆ ಹೇಳಿದ ಒಣಮಾಂಸ. ಕ್ರಿ. ಶ. ೧೨೭ರಿಂದ ೨೦೦ರವರೆಗೆ ಬದುಕಿದ್ದ ಜೆಂಗ್ ಷುವಾನನು ಇದಕ್ಕೆ ಹದಿನೈದು ವರ್ಷ ತುಂಬಿದವರೆಂದು ಅರ್ಥಹೇಳಿದನು. ಕೆಲವರು ಶ್ಯೂ ಎಂಬುದಕ್ಕೆ ಸಂಸ್ಕರಿಸು ಎಂಬ ಅರ್ಥವೂ ಇರುವುದನ್ನು ಹಿಡಿದು, ತನ್ನನ್ನು ತಾನು ಬಿಗಿಹಿಡಿದು ತಿದ್ದಿಕೊಂಡವನೆಂದು ವ್ಯಾಖ್ಯಾನಿಸಿದರು. ಹ್ವಾಂಗ್ ಖಾನ್ (೪೮೮–೫೪೫), ಜು ಶೀ (೧೧೩೦–೧೨೦೦) ಮೊದಲಾದವರು ಹತ್ತು ಸೀಳುಗಳ ಒಂದು ಕಟ್ಟೆಂದೂ, ಭೇಟಿಗೆ ಒಯ್ಯುವ ಕಾಣಿಕೆಗಳಲ್ಲಿ ಅದು ಅತ್ಯಲ್ಪವಾದುದೆಂದೂ ಹೇಳಿದರು. ಆಂಗ್ಲಭಾಷೆಗೆ ತಂದವರಲ್ಲಿ ಲೆಗ್ಗ್ (೧೮೬೧), ವೇಲಿ (೧೯೩೮) ಇಬ್ಬರೂ ಮಾಂಸದ ಪಕ್ಷವನ್ನೇ ಹಿಡಿದಿದ್ದಾರೆ.

ಮೊದಲ ಎರಡು ಪಕ್ಷಗಳಿಗೂ ಮೂಲವು ಒಂದೇ ಸಂಕೋಚವೆಂದು ನನಗೆ ತೋರುತ್ತದೆ. ಮಹಾಗುರುವು ಮಾಂಸವನ್ನು ಪಡೆದು ಪಾಠಹೇಳಿದನೆಂದರೆ ಗೌರವಕ್ಕೆ ಕುಂದೆಂಬ ಭಾವನೆ ಅದು. ಆದರೆ ಅದೇ ಗ್ರಂಥದ ಹತ್ತನೆಯ ಅಧ್ಯಾಯವನ್ನು ನೋಡಿರಿ. ಸ್ನೇಹಿತನು ರಥವನ್ನೂ ಕುದುರೆಗಳನ್ನೂ ಕೊಟ್ಟರೂ ತಲೆಬಾಗದ ಆಚಾರ್ಯನು ಯಾಗಶೇಷವಾದ ಮಾಂಸವು ಬಂದಾಗ ಮಾತ್ರ ಬಾಗಿ ನಮಸ್ಕರಿಸುತ್ತಿದ್ದನಂತೆ. ಮೆನ್ಶಿಯಸನು ಮತ್ತೊಂದು ಪ್ರಸಂಗವನ್ನು ಹೇಳಿದ್ದಾನೆ. ಲೂ ದೇಶದ ಯಾಗದಲ್ಲಿ ತನಗೆ ಸಲ್ಲಬೇಕಾದ ಮಾಂಸದ ಪಾಲು ಬಾರದಿರಲು, ಆಚಾರ್ಯನು ಶಿರೋವೇಷ್ಟನವನ್ನೂ ತೆಗೆಯದೆ ಹೊರಟುಹೋದನು. ಮಾಂಸದ ಆಸೆಯಿಂದ ಕೋಪಗೊಂಡನೆಂದು ತಿಳಿಯದವರು ಭಾವಿಸಿದರೆಂದೂ ಅವನು ಅಲ್ಲಿಯೇ ಸೂಚಿಸುತ್ತಾನೆ. ಹೀಗಿರುವಲ್ಲಿ ಮಾಂಸವನ್ನು ಮರೆಮಾಡಿ ವಯಸ್ಸನ್ನೋ ಸಂಯಮವನ್ನೋ ಮುಂದಕ್ಕೆ ತರುವುದು ಗ್ರಂಥದ ಹೃದಯಕ್ಕೆ ವಿರುದ್ಧ. ಮಾಂಸಾಹಾರವನ್ನು ಒಪ್ಪದ ನಾನು ಈ ಪಕ್ಷವನ್ನು ಹಿಡಿಯುವುದು ಕೆಲವರಿಗೆ ವಿಚಿತ್ರವಾಗಿ ಕಂಡೀತು. ಗ್ರಂಥದಲ್ಲಿದ್ದುದನ್ನು ಇದೆಯೆನ್ನುವುದು ವ್ಯಾಖ್ಯಾತೃವಿನ ಮೊದಲ ಕರ್ತವ್ಯ.

ಮಾಂಸದ ಪಕ್ಷವನ್ನು ಹಿಡಿದವರೂ ಮುಂದೆ ಎಡವುತ್ತಾರೆ. ಷುಶ್ಯೂ ಶಬ್ದವು ಕಾಲಕ್ರಮದಲ್ಲಿ ಬೋಧನೆಯ ಶುಲ್ಕಕ್ಕೆ ರೂಢವಾಯಿತು. ಟಾಂಗ್ ಕಾಲದ ಸರ್ಕಾರಿ ಶಾಲೆಗಳನ್ನು ಸೇರುವ ವಿದ್ಯಾರ್ಥಿಗಳು ರೇಷ್ಮೆ, ಮದ್ಯ, ಒಣಮಾಂಸಗಳನ್ನು ವಿಧಿಪೂರ್ವಕವಾಗಿ ಒಪ್ಪಿಸಬೇಕಾಗಿತ್ತು. ಜಪಾನ್ ದೇಶದಲ್ಲಿ ಖಾಸಗಿ ಪಾಠಶಾಲೆಗಳ ಪ್ರವೇಶಧನಕ್ಕೂ ಇದೇ ಅಕ್ಷರಗಳನ್ನು ‘ಸೊಕುಶೂ’ ಎಂದು ಓದಿ ಬಳಸಿದರು. ಅಲ್ಲಿ ಮಾಂಸದ ಸುಳಿವೂ ಇರಲಿಲ್ಲ. ನಮ್ಮ ಆಲಂಕಾರಿಕರು ಹೇಳುವ ‘ಕುಶಲ’ ಶಬ್ದದ ಗತಿಯೇ ಇದು. ದರ್ಭೆಯನ್ನು ಕೊಯ್ಯುವವನು ಕುಶಲನೆಂಬುದು ಮೂಲ. ಇಂದು ಕಾರ್ಯಕುಶಲನೆಂದಾಗ ಯಾರೂ ದರ್ಭೆಯನ್ನು ನೆನೆಯುವುದಿಲ್ಲ. ಆದರೆ ರೂಢಾರ್ಥವನ್ನು ಹಿಂದಕ್ಕೆ ಒಯ್ದು ಮೂಲದ ಮೇಲೆ ಹೊರಿಸುವುದು ನ್ಯಾಯವಲ್ಲ. ಏಳನೆಯ ಅಧ್ಯಾಯದ ಕಟ್ಟನ್ನು ‘ಶುಲ್ಕ’ವೆಂದರೆ ಗುರುವು ವರ್ತಕನಾಗುತ್ತಾನೆ. ತರಗತಿಗಳಲ್ಲಿ ‘ಗುರುದಕ್ಷಿಣೆ’ ಎಂದು ಸುಲಭವಾಗಿ ಹೇಳಿಬಿಡುವುದೂ ತಪ್ಪೇ. ದಕ್ಷಿಣೆಯು ವಿದ್ಯೆಯ ಕೊನೆಯಲ್ಲಿ ಬರತಕ್ಕದ್ದು, ಇದು ಆರಂಭದ್ದು. ದಕ್ಷಿಣೆಗೆ ಗುರುವಿನ ಅಪೇಕ್ಷೆಯು ಪ್ರಮಾಣ. ಇದಕ್ಕೆ ಶಿಷ್ಯನ ಶಕ್ತಿಯು ಪ್ರಮಾಣ. ಉಪನಿಷತ್ತುಗಳಲ್ಲಿ ಸಮಿತ್ತುಗಳನ್ನು ಕೈಯಲ್ಲಿ ಹಿಡಿದು ಗುರುವಿನ ಬಳಿಗೆ ಹೋಗುವ ಶಿಷ್ಯನು ಇದಕ್ಕೆ ಸರಿಯಾದ ಜೊತೆ. ಕಾಡಿನ ನಾಲ್ಕು ಕಡ್ಡಿಗಳಿಗಿಂತ ಅಗ್ಗವಾದುದು ಯಾವುದು? ಅದನ್ನು ತಂದವನನ್ನು ಹಿಂದಕ್ಕೆ ಕಳುಹಿಸುವ ಗುರುವೂ ಇಲ್ಲ. ಇವೆರಡಕ್ಕೂ ಸಲ್ಲುವ ಒಂದು ಶಬ್ದವು ಸಂಸ್ಕೃತದಲ್ಲಿ ಸಿದ್ಧವಾಗಿಯೇ ಇದೆ: ಉಪಾಯನ. ಸಮೀಪಕ್ಕೆ ಬರುವುದು ಎಂಬುದು ಅದರ ಧಾತ್ವರ್ಥ. ಶಿಷ್ಯನಾಗಿ ಗುರುವಿನ ಸಮೀಪಕ್ಕೆ ಹೋಗುವುದು ಎಂಬುದು ವೈದಿಕ ಪ್ರಯೋಗ. ಕಾಣಿಕೆ ಎಂಬುದು ಅಮರಸಿಂಹನು ಹೇಳುವ ಅರ್ಥ. ಬರುವಿಕೆಯೂ ಶಿಷ್ಯತ್ವವೂ ಕಾಣಿಕೆಯೂ ಒಂದೇ ಮಾತಿನಲ್ಲಿ ಹೀಗೆ ಕೂಡಿರುವುದನ್ನು ನಾನು ಬೇರೆಲ್ಲಿಯೂ ಕಂಡಿಲ್ಲ.

ಇಲ್ಲಿಗೆ ಪೂರ್ವಪಕ್ಷವು ಪ್ರಬಲವಾಗಿ ಏಳುತ್ತದೆ. ಅದೇ ಹತ್ತನೆಯ ಅಧ್ಯಾಯದಲ್ಲಿ ಆಚಾರ್ಯನ ಆಹಾರನಿಯಮಗಳನ್ನು ಎಣಿಸುವಾಗ, ಅಂಗಡಿಯಿಂದ ಕೊಂಡ ಮದ್ಯವನ್ನೂ ಪೇಟೆಯ ಒಣಮಾಂಸವನ್ನೂ ಅವನು ಮುಟ್ಟುತ್ತಿರಲಿಲ್ಲವೆಂದು ಹೇಳಿದೆ. ಹಾಗಾದರೆ ಸಿಂಗಪುರದ ಬಾಕ್‌ಕ್ವಾ, ಹುಟ್ಟಿನಿಂದಲೇ ಪೇಟೆಯ ವಸ್ತುವಾದುದು, ಷುಶ್ಯೂವಿನ ವಂಶಕ್ಕೆ ಸೇರುವುದು ಹೇಗೆ? ಅದು ಆಚಾರ್ಯನು ನಿಷೇಧಿಸಿದ ‘ಪೇಟೆಯ ಫೂ’ ಅಲ್ಲವೆ? ಆ ಪಂಗಡಕ್ಕೂ ದೊಡ್ಡ ಪರಂಪರೆಯುಂಟು. ಸಿಮಾ ಚಿಯೆನನು ತನ್ನ ಇತಿಹಾಸದಲ್ಲಿ ಧನಿಕರನ್ನು ಕುರಿತ ಪ್ರಕರಣದಲ್ಲಿ, ಒಣಗಿಸಿದ ಜಠರವನ್ನು ಮಾರುವಂತಹ ಕ್ಷುಲ್ಲಕ ವ್ಯಾಪಾರದಿಂದಲೇ ಒಂದು ಮನೆತನದವರು ಕುದುರೆಸವಾರರ ಸಾಲನ್ನು ಹಿಂದಿಟ್ಟುಕೊಂಡು ತಿರುಗುವಷ್ಟು ಸಿರಿವಂತರಾದರೆಂದು ಬರೆದಿದ್ದಾನೆ. ೧೮೪೨ರ ನಾನ್‌ಕಿಂಗ್ ಒಪ್ಪಂದದಿಂದ ಅಮೋಯ್ ರೇವು ತೆರೆದ ಮೇಲೆ ಫುಜಿಯನ್ನಿನ ಬಡವರು ತಂಡತಂಡವಾಗಿ ಮಲಯ, ಜಾವ, ಫಿಲಿಪೈನ್ ದ್ವೀಪಗಳಿಗೆ ಹೊರಟರು. ಅವರಲ್ಲಿ ಕೂಲಿಗಳು ಹೆಚ್ಚು, ಪಂಡಿತರು ವಿರಳ. ಸಿಂಗಪುರದಲ್ಲಿ ಬಾಕ್‌ಕ್ವಾಕ್ಕೆ ಹೆಸರಾದ ಬೀ ಚೆಂಗ್ ಹಿಯಾಂಗ್ ಅಂಗಡಿಯು ೧೯೩೩ರಲ್ಲಿಯೂ, ಲಿಮ್ ಚೀ ಗುವಾನ್ ಅಂಗಡಿಯು ೧೯೩೮ರಲ್ಲಿಯೂ ಆರಂಭವಾದುವು. ಇವು ಕಾಣಿಕೆಯ ಮನೆಗಳಲ್ಲ, ವ್ಯಾಪಾರದ ಮನೆಗಳು.

ಈ ಆಕ್ಷೇಪವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೂ ಶಿಷ್ಯನು ವರ್ಣಿಸಿದ ಹೊಸವರ್ಷದ ಬೀದಿಯನ್ನು ವಿಚಾರಮಾಡಿದರೆ ಉತ್ತರವು ಸಿಕ್ಕುತ್ತದೆ. ಚೀನೀಯರ ವರ್ಷಾರಂಭವು ಪ್ರಾಯಶಃ ನಮ್ಮ ಪುಷ್ಯದ ಅಮಾವಾಸ್ಯೆಯ ಆಸುಪಾಸಿನಲ್ಲಿ ಬರುತ್ತದೆ. ಅದಕ್ಕೆ ಮುಂಚಿನ ವಾರಗಳಲ್ಲಿ ಈ ಅಂಗಡಿಗಳ ಮುಂದೆ ಜನರು ಗಂಟೆಗಟ್ಟಲೆ ಸಾಲುಗಟ್ಟಿ ನಿಲ್ಲುತ್ತಾರೆ. ಬೆಲೆಯು ಏರುತ್ತದೆ, ಸಾಲು ಕರಗುವುದಿಲ್ಲ. ತಾವು ತಿನ್ನುವುದಕ್ಕಾಗಿ ಮಾತ್ರ ಬಂದವರಾದರೆ ಬೆಲೆ ಇಳಿದ ಮೇಲೆ ಬರಬಹುದಾಗಿತ್ತು. ಕೊಳ್ಳುವುದು ಬಹುಮಟ್ಟಿಗೆ ಕೊಡುವುದಕ್ಕಾಗಿ: ತಾಯಿತಂದೆಗಳಿಗೆ, ಹಿರಿಯ ನೆಂಟರಿಗೆ, ಯಜಮಾನರಿಗೆ. ಜೋಡಿ ಕಿತ್ತಳೆಗಳ ಜೊತೆಯಲ್ಲಿ ಕೆಂಪು ಡಬ್ಬವೂ ಮನೆಯಿಂದ ಮನೆಗೆ ಹೋಗುತ್ತದೆ. ಹಾಳೆಯ ಕೆಂಪು ಬಣ್ಣವು ಅವರಿಗೆ ಮಂಗಳಕರ. ನಾಣ್ಯದಂತೆ ದುಂಡಾಗಿ ಮಾಡಿದ ಬಗೆಗೆ ಹೊನ್ನಿನ ನಾಣ್ಯವೆಂದೇ ಹೆಸರು. ಹಿರಿಯರಿಗೆಂದು ಕುಟ್ಟಿದ ಗೃಹವಿಧಿಪ್ರಕರಣದ ಮಾಂಸವು ಇಲ್ಲಿ ಪುನಃ ಹಿರಿಯರ ಕೈಗೇ ಸೇರುತ್ತಿದೆ. ವಸ್ತುವು ಪೇಟೆಯಿಂದ ಬಂದಿತೆಂಬುದು ನಿಜ. ಅದರ ವಿನಿಯೋಗವು ಪೇಟೆಯದಲ್ಲ. ಮೀಮಾಂಸಕರು ಹೇಳುವಂತೆ ದ್ರವ್ಯವು ಎಲ್ಲಿಯದಾದರೂ ವಿನಿಯೋಗದಿಂದ ಅಂಗವಾಗುತ್ತದೆ. ಸೋಮಯಾಗದಲ್ಲಿ ಸೋಮವನ್ನೂ ಕೊಂಡೇ ತರಬೇಕೆಂದು ವಿಧಿಯಿರುವಾಗ, ಕೊಂಡದ್ದೆಂಬ ಮಾತ್ರಕ್ಕೆ ದ್ರವ್ಯವು ಕೆಟ್ಟಿತೆನ್ನಲಾಗದು. ಆಚಾರ್ಯನು ಬಿಟ್ಟುದು ತಾನೇ ಕೊಂಡು ತಾನೇ ತಿನ್ನುವ ಪೇಟೆಯ ಮಾಂಸವನ್ನು. ಶಿಷ್ಯನು ಹೊತ್ತು ತಂದ ಕಟ್ಟು ಎಲ್ಲಿಯದೆಂದು ಅವನು ವಿಚಾರಿಸಿದನೆಂಬುದಕ್ಕೆ ಗ್ರಂಥದಲ್ಲಿ ಆಧಾರವಿಲ್ಲ.

ವಲಸೆಹೋದವರ ಅಡಿಗೆಯನ್ನು ಅಪಭ್ರಂಶವೆಂದು ಜರೆಯುವ ಪಂಡಿತರು ಎಲ್ಲ ದೇಶಗಳಲ್ಲಿಯೂ ಇರುತ್ತಾರೆ. ಒಂದೊಂದು ಸಾಧುಶಬ್ದಕ್ಕೂ ಅನೇಕ ಅಪಭ್ರಂಶಗಳುಂಟೆಂದು ಪತಂಜಲಿಯು ಎಂದೋ ಹೇಳಿದನು. ಅಂತಹ ಮಾತುಗಳಲ್ಲಿಯೇ ಮುಂದೆ ಕಾವ್ಯಗಳು ಹುಟ್ಟಿದುವು. ಬಾಕ್‌ಕ್ವಾವೂ ಹಾಗೆಯೇ ಊರಿಗೊಂದು ರೂಪವನ್ನು ತಾಳಿದೆ. ಮಕಾವಿನ ಹಳೆಯ ಇಗರ್ಜಿಯ ಮುಂದಿನ ಬೀದಿಗಳಲ್ಲಿ ಅದು ಯಾತ್ರಿಕರ ತಿಂಡಿ. ಇಂಡೊನೇಶಿಯದಲ್ಲಿ ಕೊತ್ತಂಬರಿಯನ್ನೂ ತಾಳೆಬೆಲ್ಲವನ್ನೂ ಸೇರಿಸಿ ಒಣಗಿಸುವ ಸ್ಥಳೀಯರ ‘ದೆಂಡೆಂಗ್’ ಎಂಬ ಮಾಂಸದ ಹೆಸರನ್ನೇ ಚೀನೀಯರ ಹಂದಿಮಾಂಸಕ್ಕೂ ಇಟ್ಟಿದ್ದಾರೆ. ಮಲಯದಲ್ಲಿ ಮುಸಲ್ಮಾನ ನೆರೆಯವರಿಗೂ ಸಲ್ಲಲೆಂದು ಕೋಳಿಯದನ್ನೂ ದನದ್ದನ್ನೂ ಮಾಡುತ್ತಾರೆ. ಹಂದಿಯೆಂಬರ್ಥವನ್ನು ಒಳಗಿಟ್ಟುಕೊಂಡಿದ್ದ ‘ಬಾಕ್’ ಶಬ್ದವು ನೆರೆಹೊರೆಯ ದಾಕ್ಷಿಣ್ಯಕ್ಕಾಗಿ ತನ್ನ ಅರ್ಥವನ್ನೇ ಸಡಿಲಿಸಿಕೊಂಡಿತು. ಇದನ್ನು ಅಪಭ್ರಂಶವೆಂದರೆ, ಅಂತಹ ಅಪಭ್ರಂಶವು ಭಾಷೆಗೆ ಭೂಷಣವೇ. ಆಶ್ಚರ್ಯವೇನೆಂದರೆ, ಚೀನಾದ ಒಳನಾಡಿನಲ್ಲಿ ಈ ತಿಂಡಿಗೆ ಪ್ರಸಿದ್ಧವಾದ ಜಿಂಗ್‌ಜಿಯಾಂಗ್ ಊರಿನವರು ತಮ್ಮ ಹಂದಿಮಾಂಸದ ಹಾಳೆಗೆ ಹತ್ತನೆಯ ಅಧ್ಯಾಯದ ‘ಫೂ’ ಶಬ್ದವನ್ನೇ ಇಂದಿಗೂ ಹಚ್ಚುತ್ತಾರೆ. ಹಳೆಯ ಶಬ್ದವು ತಾಯಿನಾಡಿನಲ್ಲಿ ಉಳಿಯಿತು, ಹಳೆಯ ವಿನಿಯೋಗವು ಕಡಲಾಚೆ ಬಲವಾಯಿತು.

ಈ ಕಾಣಿಕೆಯು ಇಂದು ಗಡಿಯನ್ನು ದಾಟುವುದು ಮಾತ್ರ ಕಷ್ಟವಾಗಿದೆ. ಚೀನಾದಲ್ಲಿ ೨೦೧೮ರಲ್ಲಿ ಹಂದಿಗಳಿಗೆ ಆಫ್ರಿಕದ ಜ್ವರವು ಹರಡಿದ ಮೇಲೆ, ರೋಗವಿರುವ ಪ್ರದೇಶಗಳಿಂದ ಹಂದಿಮಾಂಸದ ಪದಾರ್ಥವನ್ನು ತರುವ ಪ್ರಯಾಣಿಕನಿಗೆ ತೈವಾನ್ ಸರ್ಕಾರವು ಆ ವರ್ಷದ ಡಿಸೆಂಬರಿನಲ್ಲಿ ಮೊದಲ ತಪ್ಪಿಗೇ ಎರಡು ಲಕ್ಷ ತೈವಾನ್ ಡಾಲರುಗಳ ದಂಡವನ್ನು ಗೊತ್ತುಮಾಡಿತು. ಮರಳಿ ತಂದವನಿಗೆ ಹತ್ತು ಲಕ್ಷ. ರೋಗದ ದೃಷ್ಟಿಯಿಂದ ಇದು ಯುಕ್ತವೇ. ಹತ್ತು ಸೀಳುಗಳ ಕಟ್ಟು ಅತ್ಯಲ್ಪವಾದ ಕಾಣಿಕೆಯೆಂದು ಬರೆದ ಜು ಶೀ ಇದನ್ನು ಕೇಳಿದ್ದರೆ ಏನೆನ್ನುತ್ತಿದ್ದನೋ!

ಅಧ್ಯಾಪಕರಿಗೆ ಸಂಬಂಧಪಟ್ಟ ಒಂದು ವಿಷಯವು ಉಳಿದಿದೆ. ಈ ಎರಡು ಸ್ಥಳಗಳನ್ನು ಕನ್ನಡಿಸುವುದು ಹೇಗೆ? ಒಣಮಾಂಸಕ್ಕೆ ಅಮರಸಿಂಹನು ‘ವಲ್ಲೂರ’ವೆಂಬ ಪದವನ್ನು ಕೊಟ್ಟು ಮೂರು ಲಿಂಗಗಳಲ್ಲಿಯೂ ಅದು ನಡೆಯುವುದೆಂದಿದ್ದಾನೆ. ಪಂಡಿತರಿಗೆ ಆಸೆ ಹುಟ್ಟಿಸುವ ಪದವೇ ಸರಿ; ಓದುಗನಿಗೆ ಅರ್ಥವಾಗದೆ ಮಾಂಸವು ಮತ್ತೆ ಮರೆಯಾಗುವುದರಿಂದ ಅದನ್ನು ಬಿಡಬೇಕು. ಏಳನೆಯ ಅಧ್ಯಾಯದಲ್ಲಿ ‘ಒಂದು ಕಟ್ಟು ಒಣಮಾಂಸದ ಉಪಾಯನ’ವೆಂದೂ, ಹತ್ತನೆಯದರಲ್ಲಿ ‘ಪೇಟೆಯ ಒಣಮಾಂಸ’ವೆಂದ‌ೂ ಇಡಬಹುದೆಂದು ನನ್ನ ಅಭಿಪ್ರಾಯ. ಮೂಲದಲ್ಲಿ ಶ್ಯೂ ಎಂದೂ ಫೂ ಎಂದೂ ಎರಡು ಶಬ್ದಗಳಿರುವಾಗ ಕನ್ನಡದಲ್ಲಿ ಒಂದೇ ಶಬ್ದವನ್ನು ಬಳಸುವುದು ದೋಷವಲ್ಲವೆ ಎಂದರೆ, ದೋಷವೇ; ಆದರೆ ಎರಡು ಸ್ಥಳಗಳಿಗೂ ಇರುವ ವಿರೋಧವು ವಿದ್ಯಾರ್ಥಿಯ ಕಣ್ಣಿಗೆ ಬೀಳುವುದಕ್ಕೆ ಈ ದೋಷವನ್ನು ಸಹಿಸಬಹುದೆಂದು ತೋರುತ್ತದೆ. ಇದಕ್ಕಿಂತ ಸಮರ್ಪಕವಾದ ಮಾತುಗಳು ಚೀನೀ ಭಾಷೆಯನ್ನು ಮೂಲದಲ್ಲಿಯೇ ಬಲ್ಲ ವಿದ್ವಾಂಸರಿಗೆ ಹೊಳೆದರೆ, ಈ ಪತ್ರಿಕೆಯ ಮುಂದಿನ ಸಂಚಿಕೆಗಳಲ್ಲಿ ತಿಳಿಸಿ ಉಪಕರಿಸಬೇಕಾಗಿ ಪ್ರಾರ್ಥಿಸುತ್ತೇನೆ.